ಬೆನ್ನು ಎಷ್ಟು ಬಾಗುತ್ತದೆ, ಕಂಪನಿ ಯಾರ ಮಾತು ಕೇಳುತ್ತದೆ

2023ರ ಆಗಸ್ಟ್‌ನಲ್ಲಿ ಆ ಪತ್ರ ಬಂದ ದಿನ ಮೊದಲು ಫೋನ್ ಮಾಡಿದ್ದು ಅಮ್ಮನಿಗೆ. ಇಲ್ಲಿ ವರ್ಜೀನಿಯಾದಲ್ಲಿ ಬೆಳಗ್ಗೆ ಹತ್ತು ಗಂಟೆ. ಅಲ್ಲಿ ಕೆಜಿಎಫ್‌ನಲ್ಲಿ ಸಂಜೆ ಏಳೂವರೆ, ಕುಕ್ಕರ್ ಕೂಗುವ ಹೊತ್ತು. "ಅಮ್ಮಾ, ಸರ್ಕಾರದಿಂದ ಸರ್ಟಿಫಿಕೇಟ್ ಬಂತು" ಅಂದೆ. "ಯಾತರದ್ದು?" ಅಂದಳು. ಅದಕ್ಕೆ ಇಂಗ್ಲಿಷಿನಲ್ಲಿ ಆರು ಪದಗಳ ಹೆಸರು. ಇಲ್ಲಿ ಎಲ್ಲರೂ ಕರೆಯುವುದು ಎಸ್‌ಡಿವಿಒಎಸ್‌ಬಿ ಎಂದು. ಕನ್ನಡದಲ್ಲಿ ಬಿಡಿಸಿ ಹೇಳಲು ಹೋಗಿ, "ಸೇನೆಯಲ್ಲಿದ್ದಾಗ ಅಂಗವಿಕಲನಾದ ಮಾಜಿ ಸೈನಿಕ ನಡೆಸುವ ಸಣ್ಣ ಉದ್ದಿಮೆ" ಅಂದೆ. ಅಮ್ಮ ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು, "ಅಂಗವಿಕಲ ಅಂದ್ಯಲ್ಲ, ನಿಂಗೇನಾಗದೆ? ನನ್ಹತ್ರ ಯಾಕ್ ಹೇಳ್ಲಿಲ್ಲ?" ಅಂದಳು.

ಒಂಬತ್ತು ವರ್ಷ ಅವಳಿಗೆ ನಾನು ಹೇಳಿಕೊಂಡು ಬಂದಿದ್ದು "ಸ್ವಲ್ಪ ಬೆನ್ನುನೋವು" ಅಂತ ಅಷ್ಟೇ. ಅಂದು ಒಂದು ಗಂಟೆ ಮಾತಾಡಿದೆವು. ಅಪ್ಪ ಪಕ್ಕದಲ್ಲೇ ಕೂತಿದ್ದರಂತೆ, ಅವರಿಗೆ ಏನೂ ಕೇಳಿಸಿರಲಿಲ್ಲ. ಅಪ್ಪನ ಕಿವಿಯ ವಿಷಯಕ್ಕೆ ಮುಂದೆ ಬರುತ್ತೇನೆ.

ನಮ್ಮಂಥವರಿಗೆಂದು ಮೀಸಲಿಟ್ಟ ಸರ್ಕಾರಿ ಗುತ್ತಿಗೆಗಳಿಗೆ ಹೋಗಲು ಬೇಕಾದ ಆ ಒಂದು ಸರ್ಟಿಫಿಕೇಟಿಗಾಗಿ ಎರಡು ಸಂಗತಿ ಸಾಬೀತು ಮಾಡಬೇಕು. ಮೈಗೆ ಆದ ಪೆಟ್ಟು ಸೇವೆಯಲ್ಲಿದ್ದಾಗಲೇ ಆದದ್ದು ಎಂಬುದು ಒಂದು. ಕಂಪನಿ ಹೆಸರಿಗಷ್ಟೇ ಅಲ್ಲ, ನಿಜಕ್ಕೂ ನನ್ನ ಕೈಯಲ್ಲೇ ಇದೆ ಎಂಬುದು ಇನ್ನೊಂದು. ಮೊದಲನೆಯದೇ ಕಷ್ಟದ್ದು ಅಂದುಕೊಂಡಿದ್ದೆ. ನನ್ನನ್ನು ಹಣ್ಣು ಮಾಡಿದ್ದು ಎರಡನೆಯದು.

ಸೇನೆಗೆ ಹೋದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಾನು ನ್ಯೂಜೆರ್ಸಿಗೆ ಬಂದದ್ದು ಓದಲು. 2009ರಲ್ಲಿ ಅಮೆರಿಕದ ಸೇನೆ ಮಾವ್ನಿ ಎಂಬ ಯೋಜನೆ ತೆರೆಯಿತು. ಗ್ರೀನ್ ಕಾರ್ಡ್ ಇಲ್ಲದೆ, ವೀಸಾದ ಮೇಲೆ ಎರಡು ವರ್ಷ ಕಾನೂನುಬದ್ಧವಾಗಿ ಇದ್ದವರೂ ಸೇರಬಹುದಿತ್ತು. ಒಂದೋ ವೈದ್ಯಕೀಯ ವೃತ್ತಿಯವರಾಗಿರಬೇಕು, ಇಲ್ಲವೇ ಅವರಿಗೆ ಬೇಕಾದ ಭಾಷೆಯೊಂದು ಬರಬೇಕು. ಮೊದಲಿಗೆ ಸಾವಿರ ಜನರ ಮಿತಿ, ಶುರುವಾದದ್ದು ನ್ಯೂಯಾರ್ಕಿನಲ್ಲಿ. ಭಾಷೆಗಳ ಪಟ್ಟಿಯಲ್ಲಿ ತಮಿಳು ಇತ್ತು. ನಮ್ಮ ಮನೆಮಾತು ಕನ್ನಡ. ಆದರೆ ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವನಿಗೆ ಗೋಲಿ ಆಡಿದ್ದು, ಜಗಳ ಆಡಿದ್ದು, ಸಿನಿಮಾ ನೋಡಿದ್ದು ಎಲ್ಲ ತಮಿಳಿನಲ್ಲೇ. ಗಣಿ ಕಾಲೋನಿಯ ಬೀದಿಯಲ್ಲಿ ಬಂದ ಆ ಮಾತು ನನಗೆ ಸೇನೆಯ ಬಾಗಿಲು ತೆರೆಯಿತು. ಸೌತ್ ಕ್ಯಾರೊಲಿನಾದ ಫೋರ್ಟ್ ಜಾಕ್ಸನ್‌ನಲ್ಲಿ ಹತ್ತು ವಾರಗಳ ತರಬೇತಿ ಮುಗಿಯುವ ಹೊತ್ತಿಗೆ ಪೌರತ್ವದ ಪ್ರಮಾಣವಚನವೂ ಆಗಿಹೋಯಿತು. ಆಮೇಲೆ ಫೋರ್ಟ್ ಲೀಯಲ್ಲಿ ಉಗ್ರಾಣದ ಲೆಕ್ಕ ಕಲಿತೆ, ಅಫ್ಘಾನಿಸ್ತಾನದ ಬಗ್ರಾಮ್‌ಗೆ ಹೋದೆ. 2012ರ ಚಳಿಗಾಲದ ಒಂದು ಬೆಳಗಿನ ಜಾವ ಸಾಮಾನು ಸಾಗಿಸುವ ಸಾಲಿನಲ್ಲಿ ನಮ್ಮ ವಾಹನದ ಅಡಿಯ ದಂಡೆ ಕುಸಿಯಿತು. ವಾಹನ ಕಾಲುವೆಗೆ ಮಗುಚಿಕೊಂಡಿತು. ಯಾರೂ ಸಾಯಲಿಲ್ಲ. ನನ್ನ ಸೊಂಟದ ಎರಡು ಡಿಸ್ಕ್ ಜಾರಿದವು, ಎಡಗಾಲಿಗೆ ಉರಿ ಇಳಿಯತೊಡಗಿತು. ಕಿವಿಯೊಳಗೆ ಒಂದು ಕೀರಲು ದನಿ ಶುರುವಾದದ್ದು ಇಂದಿಗೂ ನಿಂತಿಲ್ಲ. 2014ರಲ್ಲಿ ಸಾರ್ಜೆಂಟ್ ಆಗಿ ಗೌರವದಿಂದಲೇ ಹೊರಬಂದೆ.

ಆಮೇಲೆ ಶುರುವಾದದ್ದು ಕಾಗದದ ಕೆಲಸ.

ಮಾಜಿ ಸೈನಿಕರ ಇಲಾಖೆಗೆ ಇಲ್ಲಿ ವಿಎ ಎನ್ನುತ್ತಾರೆ. ಅಂಗವೈಕಲ್ಯದ ಕ್ಲೇಮ್ ಹಾಕಿದರೆ ಅವರು ಸಿ ಆ್ಯಂಡ್ ಪಿ ಎಂಬ ಪರೀಕ್ಷೆಗೆ ಕರೆಯುತ್ತಾರೆ. ಅದರಲ್ಲಿ ಚಿಕಿತ್ಸೆ ಇಲ್ಲ, ಅಳತೆ ಮಾತ್ರ. ವೈದ್ಯೆ ಕೋನಮಾಪಕದಂಥ ಒಂದು ಉಪಕರಣವನ್ನು ನನ್ನ ಸೊಂಟಕ್ಕೆ ಹಿಡಿದು, "ನೋವು ಶುರುವಾಗುವವರೆಗೆ ಬಗ್ಗಿ" ಅಂದರು. ಬಗ್ಗಿದೆ. ಅವರು ಡಿಗ್ರಿ ಬರೆದುಕೊಂಡರು. ಇನ್ನೊಮ್ಮೆ, ಮತ್ತೊಮ್ಮೆ. ಸೇನೆಯಲ್ಲಿ ನಾಲ್ಕು ವರ್ಷ ಕಲಿತದ್ದು ನೋವನ್ನು ತೋರಿಸಿಕೊಳ್ಳದೆ ಇರುವುದನ್ನು. ಈಗ ಅದನ್ನು ತೋರಿಸಬೇಕಿತ್ತು, ಅದೂ ಇದ್ದಷ್ಟೇ. ಹೆಚ್ಚು ತೋರಿಸಿದರೆ ಸುಳ್ಳು, ಕಡಿಮೆ ತೋರಿಸಿದರೆ ಅದೂ ಸುಳ್ಳೇ. ಆ ಅರ್ಧ ಗಂಟೆ ನಾನು ಬೆವೆತಷ್ಟು ಪೆರೇಡ್ ಮೈದಾನದಲ್ಲೂ ಬೆವೆತಿರಲಿಲ್ಲ.

ಕಿವಿಯ ಪರೀಕ್ಷೆ ಬೇರೆ ದಿನ. ಸದ್ದಿಲ್ಲದ ಗೂಡಿನಲ್ಲಿ ಕೂರಿಸಿ, ಮೇರಿಲ್ಯಾಂಡ್ ಸಿಎನ್‌ಸಿ ಎಂಬ ಪಟ್ಟಿಯಿಂದ ಒಂದೇ ಉಚ್ಚಾರಾಂಶದ ಇಂಗ್ಲಿಷ್ ಪದಗಳನ್ನು ಕೇಳಿಸುತ್ತಾರೆ. ಕೇಳಿದ್ದನ್ನು ಹಾಗೇ ಹೇಳಬೇಕು. ನನ್ನ ಕೋಲಾರದ ನಾಲಗೆಯಲ್ಲಿ ಹೊರಡುವ ಉಚ್ಚಾರಣೆಯನ್ನು ಅವರು ಕಿವಿಯ ದೋಷವೆಂದು ಬರೆದುಕೊಂಡರೆ ಗತಿಯೇನು ಎಂಬ ಭಯ ಕಾಡಿತು. ಎರಡನೇ ಪದಕ್ಕೇ ನಿಲ್ಲಿಸಿ, "ನನ್ನ ಉಚ್ಚಾರಣೆ ಬೇರೆ, ಅನುಮಾನ ಬಂದರೆ ಅಕ್ಷರ ಬಿಡಿಸಿ ಹೇಳುತ್ತೇನೆ" ಎಂದೆ. ಪರೀಕ್ಷಕರು ನಕ್ಕು ಒಪ್ಪಿದರು. ಹೊರದೇಶದಲ್ಲಿ ಹುಟ್ಟಿ ಈ ಪರೀಕ್ಷೆಗೆ ಹೋಗುವವರು ಯಾರೇ ಆಗಲಿ, ಈ ಮಾತನ್ನು ಮೊದಲೇ ಹೇಳಿಬಿಡಿ.

ಬೆನ್ನಿಗೆ ಶೇ. 20, ಕಾಲಿನ ನರಕ್ಕೆ ಶೇ. 20, ಕಿವಿಯ ಕೀರಲಿಗೆ ಶೇ. 10, ಕೇಳುವ ಶಕ್ತಿಗೆ ಸೊನ್ನೆ. ಕೂಡಿದರೆ 50 ಆಗಬೇಕಲ್ಲ? ಆಗುವುದಿಲ್ಲ. ವಿಎ ಲೆಕ್ಕ ಬೇರೆ. ಮೊದಲ 20 ಕಳೆದರೆ ಮನುಷ್ಯ 80 ಉಳಿದ. ಆ 80ರಲ್ಲಿ 20 ಭಾಗ ಅಂದರೆ 16, ಒಟ್ಟು 36. ಉಳಿದ 64ರಲ್ಲಿ 10 ಭಾಗ ಸೇರಿದರೆ 42. ಅದನ್ನು ಹತ್ತಿರದ ಹತ್ತಕ್ಕೆ ತಂದು 40 ಎಂದು ಬರೆಯುತ್ತಾರೆ. ಪತ್ರ ಕೈಗೆ ಬಂದ ರಾತ್ರಿ ನಾನು ಈ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ. ಆಗ ಅದು ತಿಂಗಳ ಪರಿಹಾರದ ವಿಷಯವಷ್ಟೇ ಆಗಿತ್ತು. ಗುತ್ತಿಗೆಯ ವಿಷಯದಲ್ಲಿ ಈ ಸಂಖ್ಯೆ ದೊಡ್ಡದಿರಬೇಕಾಗಿಲ್ಲ, ಸೇವೆಗೆ ಸಂಬಂಧಿಸಿದ್ದು ಎಂದು ವಿಎ ಒಪ್ಪಿದ್ದರೆ ಸೊನ್ನೆ ಶೇಕಡಾ ಇದ್ದರೂ ಸಾಕು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಅಂದು ರಾತ್ರಿ ಅಪ್ಪನ ನೆನಪಾಯಿತು. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿ ಅದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಅಪ್ಪನ ಕಿವಿ ಅರ್ಧ ಹೋಗಿತ್ತು. ವರ್ಷಗಟ್ಟಲೆ ಡ್ರಿಲ್ಲಿನ ಸದ್ದಿನ ಪಕ್ಕ ನಿಂತ ಕಿವಿ. ಅದಕ್ಕೆ ಒಂದು ಸಾಲಿನ ಕಾಗದವೂ ನಮ್ಮ ಮನೆಯಲ್ಲಿಲ್ಲ. ನಾವು ಮಕ್ಕಳು ಟಿವಿ ಸದ್ದು ಹೆಚ್ಚಿಸಿದೆವು, ಅಮ್ಮ ದನಿ ಏರಿಸಿ ಮಾತಾಡುವುದು ಕಲಿತಳು. ನನ್ನ ಕಿವಿಯ ಕೀರಲಿಗೆ ಒಂದು ಸರ್ಕಾರ ಹತ್ತು ಅಂಕ ಬರೆದು ಸಹಿ ಹಾಕಿ ಕಳಿಸಿತ್ತು. ಆ ಕಾಗದವನ್ನು ನಾನು ಹಗುರಾಗಿ ಕಾಣಲಾರೆ.

ಮಾಜಿ ಸೈನಿಕರ ಓದಿಗೆ ಸರ್ಕಾರ ಕೊಡುವ ಜಿಐ ಬಿಲ್ ಹಣದಲ್ಲಿ ಓದು ಮುಗಿಸಿ, ರಿಚ್ಮಂಡ್ ಸಮೀಪ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ಸೇರಿದೆ. ಅಲ್ಲಿ ಇರಾಕಿನಲ್ಲಿ ದೃಷ್ಟಿ ಕಳೆದುಕೊಂಡ ಒಬ್ಬ ಮಾಜಿ ಸೈನಿಕ ಸಹೋದ್ಯೋಗಿ ಇದ್ದ. ಒಂದು ದಿನ ಅವನು ಹೆಡ್‌ಫೋನ್ ತೆಗೆದು ಸ್ಪೀಕರಿಗೆ ಹಾಕಿ, "ಸಾರ್ಜೆಂಟ್, ಇದನ್ನು ಕೇಳು" ಅಂದ. ಸರ್ಕಾರಿ ಅರ್ಜಿಯೊಂದರ ಪುಟ ಅದು. ಪರದೆ ಓದುವ ಜಾಸ್ ತಂತ್ರಾಂಶ ಅದನ್ನು ಓದುತ್ತಿತ್ತು: "ಬಟನ್. ಬಟನ್. ಬಟನ್. ಬಟನ್." ನನ್ನ ಕಣ್ಣಿಗೆ ಪುಟ ಚೆನ್ನಾಗಿಯೇ ಇತ್ತು. ಸಲ್ಲಿಸು, ಅಳಿಸು, ಹಿಂದಕ್ಕೆ, ಮುಂದಕ್ಕೆ ಎಂದು ಚಿತ್ರಗಳಿದ್ದವು. ಆ ಚಿತ್ರಗಳಿಗೆ ಕೋಡ್‌ನಲ್ಲಿ ಯಾರೂ ಹೆಸರಿಟ್ಟಿರಲಿಲ್ಲ. ಯಾವುದನ್ನು ಒತ್ತಿದರೆ ಅರ್ಜಿ ಹೋಗುತ್ತದೆ, ಯಾವುದನ್ನು ಒತ್ತಿದರೆ ಬರೆದದ್ದೆಲ್ಲ ಅಳಿಸುತ್ತದೆ ಎಂದು ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಅಮೆರಿಕದ ಪುನರ್ವಸತಿ ಕಾಯ್ದೆಯಲ್ಲಿ 508ನೇ ಸೆಕ್ಷನ್ ಎಂದು ಒಂದಿದೆ. 1998ರ ತಿದ್ದುಪಡಿಯಲ್ಲಿ ಅದಕ್ಕೆ ಬಲ ಬಂತು. ಫೆಡರಲ್ ಸರ್ಕಾರ ಕೊಳ್ಳುವ, ಬಳಸುವ ತಂತ್ರಾಂಶವೆಲ್ಲ ಅಂಗವಿಕಲರೂ ಬಳಸುವಂತಿರಬೇಕು. 2018ರ ಜನವರಿಯಿಂದ ಅದರ ಮಾನದಂಡಗಳು ಹೊಸದಾದವು. ಕಾನೂನು ಇದ್ದರೂ ಒಂದೊಂದು ಪುಟವನ್ನೂ ಯಾರಾದರೂ ಕೂತು ನೋಡಲೇಬೇಕು, ಕೇಳಲೇಬೇಕು. ಮೌಸ್ ಮುಟ್ಟದೆ ಕೀಲಿಮಣೆಯಲ್ಲೇ ಓಡಾಡಬೇಕು. ನಾನು ಗೃಹಭದ್ರತಾ ಇಲಾಖೆಯ ಟ್ರಸ್ಟೆಡ್ ಟೆಸ್ಟರ್ ಪರೀಕ್ಷೆ ಪಾಸು ಮಾಡಿದೆ. ಅದರ ತರಬೇತಿಗೆ ದುಡ್ಡು ಕೊಡಬೇಕಿಲ್ಲ. 2021ರಲ್ಲಿ ನಾವಿಬ್ಬರೂ ಸೇರಿ ಇದನ್ನೇ ಕಸುಬು ಮಾಡಿಕೊಳ್ಳೋಣ ಎಂದು ಕಂಪನಿ ಕಟ್ಟಿದೆವು. ಅವನಿಗೆ ಪಾಲುದಾರಿಕೆ ಬೇಡವಾಗಿತ್ತು, ನೌಕರನಾಗಿಯೇ ಬಂದ. ಬಂಡವಾಳ ಹಾಕಿದ್ದು ನಮ್ಮ ಭಾವ.

ಭಾವ ಅಂದರೆ ಅಕ್ಕನ ಗಂಡ. ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದಾರೆ. ನಾನು ವಿದ್ಯಾರ್ಥಿಯಾಗಿದ್ದಾಗ ಊಟ ಹಾಕಿದವರು, ಸೇನೆಗೆ ಹೋಗಬೇಡ ಎಂದು ಬೈದವರು, ಬಿದ್ದಾಗ ಮೊದಲು ಆಸ್ಪತ್ರೆಗೆ ಫೋನ್ ಮಾಡಿದವರು. ಕಂಪನಿಯಲ್ಲಿ ನನ್ನ ಪಾಲು ಶೇ. 51, ಅವರದು ಶೇ. 49. ಕರಾರುಪತ್ರ ಬರೆಸಿದ್ದು ಅವರ ಪರಿಚಯದ ವಕೀಲರ ಹತ್ತಿರ. ಹಣ ಹಾಕಿದವರ ಹಿತ ಕಾಯುವ ಪತ್ರ ಹೇಗಿರುತ್ತದೋ ಹಾಗೇ ಇತ್ತು. ಇಪ್ಪತ್ತೈದು ಸಾವಿರ ಡಾಲರಿಗೆ ಮೀರಿದ ಖರ್ಚು, ಸಾಲ, ವರ್ಷದ ಬಜೆಟ್, ಹೊಸ ನೇಮಕ, ಇವಕ್ಕೆಲ್ಲ ಇಬ್ಬರ ಸಹಿಯೂ ಬೇಕು. ಓದದೆ ಸಹಿ ಹಾಕಿದೆ ಎನ್ನಲಾರೆ. ಓದಿದೆ, ಮನೆಯವರೇ ತಾನೆ ಎಂದು ಸಹಿ ಹಾಕಿದೆ.

ಮೊದಲ ತೊಡಕು ಬಂದದ್ದು ಹೆಸರಿನಲ್ಲಿ ಮತ್ತು ವಿಳಾಸದಲ್ಲಿ. ಸರ್ಕಾರದ ಜತೆ ವ್ಯವಹರಿಸುವ ಪ್ರತಿಯೊಂದು ಸಂಸ್ಥೆಯೂ ಸ್ಯಾಮ್ ಎಂಬ ತಾಣದಲ್ಲಿ ನೋಂದಾಯಿಸಬೇಕು, ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೊಡಿ, ನಾವು ಮಾಡಿಸಿಕೊಡುತ್ತೇವೆ ಎಂಬ ಇಮೇಲುಗಳು ಸಾಲುಗಟ್ಟಿ ಬರುತ್ತವೆ. ಯಾವುದಕ್ಕೂ ಉತ್ತರ ಕೊಡಬೇಡಿ. 2022ರ ಏಪ್ರಿಲ್ 4ರಂದು ಸಂಸ್ಥೆಗಳನ್ನು ಗುರುತಿಸುವ ಹಳೆಯ ಡನ್ಸ್ ಸಂಖ್ಯೆ ಹೋಗಿ ಯುಇಐ ಎಂಬ, ಅಕ್ಷರ ಅಂಕಿ ಸೇರಿ ಹನ್ನೆರಡರ ಗುರುತು ಬಂತು. ನಾವು ಆ ನೋಂದಣಿಗೆ ಅರ್ಜಿ ಹಾಕಿದ್ದು ಸರಿಯಾಗಿ ಆ ಹೊತ್ತಿಗೆ. ರಾಜ್ಯದ ನೋಂದಣಿಯಲ್ಲಿ ನಾನು "ಸೂಟ್" ಎಂದು ಬರೆದಿದ್ದೆ, ಬ್ಯಾಂಕಿನಲ್ಲಿ "ಯೂನಿಟ್" ಎಂದು. ಅಷ್ಟು ವ್ಯತ್ಯಾಸ ಸಾಕಾಯಿತು, ದಾಖಲೆಗಳೆಲ್ಲ ಒಂದೇ ಎಂದು ತೋರಿಸಲು ಐದು ವಾರ ಹಿಡಿಯಿತು.

ಹೆಸರಿನದು ಇನ್ನೂ ಹಳೆಯ ಕಥೆ. ನಮ್ಮೂರಲ್ಲಿ ಎಲ್ಲರಂತೆ ನನಗೂ ಹೆಸರಿನ ಮುಂದೆ ಎರಡು ಇನಿಶಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಅದು ಒಂದು ಥರ ಬಿಡಿಸಿಕೊಂಡಿತು, ಪೌರತ್ವದ ಪತ್ರದಲ್ಲಿ ಇನ್ನೊಂದು ಥರ. ಸೇನೆ ಬಿಡುವಾಗ ಕೊಡುವ ಡಿಡಿ 214 ಪತ್ರದಲ್ಲಿ ಅಪ್ಪನ ಹೆಸರೇ ನನ್ನ ಹೆಸರಾಗಿ, ನನ್ನ ಹೆಸರು ಕೊನೆಗೆ ಹೋಗಿತ್ತು. ನಾಲ್ಕು ವರ್ಷ ಅಲ್ಲಿ ಎಲ್ಲರೂ ನನ್ನನ್ನು ಕರೆದದ್ದು ಆ ಹೆಸರಿನಿಂದಲೇ. ಸರ್ಟಿಫಿಕೇಟಿಗೆ ಅರ್ಜಿ ಹಾಕಿದಾಗ ಮಾಜಿ ಸೈನಿಕ ಹೌದೋ ಅಲ್ಲವೋ ಎಂದು ವಿಎ ದಾಖಲೆಯ ಜತೆ ತಾಳೆ ನೋಡುತ್ತಾರೆ. ಹಾಗಾಗಿ ಅದಕ್ಕೂ ಮೊದಲು ಎಲ್ಲ ಕಡೆ ಒಂದೇ ಹೆಸರು ಮಾಡಿಸುವ ಕೆಲಸ ಮುಗಿಸಬೇಕಾಯಿತು.

ಆ ಹೊತ್ತಿಗೆ ನಿಯಮವೂ ಬದಲಾಗುತ್ತಿತ್ತು. ಹಿಂದೆ ವಿಎ ಕೊಡುವ ಗುತ್ತಿಗೆಗಳಿಗೆ ಮಾತ್ರ ವಿಎಯೇ ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತಿತ್ತು, ಉಳಿದ ಇಲಾಖೆಗಳಿಗೆ "ನಾನು ಅರ್ಹ" ಎಂದು ನಾವೇ ಘೋಷಿಸಿಕೊಂಡರೆ ಆಗುತ್ತಿತ್ತು. 2023ರ ಜನವರಿ 1ರಿಂದ ಆ ಹೊಣೆ ಸಣ್ಣ ಉದ್ದಿಮೆಗಳ ಆಡಳಿತಕ್ಕೆ, ಅಂದರೆ ಎಸ್‌ಬಿಎಗೆ ಹೋಯಿತು. ಸ್ವಯಂ ಘೋಷಣೆಯ ಕಾಲ ಮುಗಿಯುತ್ತ ಬಂತು. ಇದು ಒಳ್ಳೆಯದೇ ಆಯಿತು ಎಂದು ನಾನು ನಂಬಿದ್ದೇನೆ, ನನ್ನ ಅರ್ಜಿಗೇ ಅದರಿಂದ ತಡೆ ಬಂದರೂ.

ನಾವಿರುವ ಊರಿನ ಎಪೆಕ್ಸ್ ಆ್ಯಕ್ಸಿಲರೇಟರ್‌ನಲ್ಲಿ ಉಚಿತ ಸಲಹೆಗಾರ್ತಿಯೊಬ್ಬರಿದ್ದರು. ಸರ್ಕಾರಿ ಗುತ್ತಿಗೆಗೆ ಹೋಗುವ ಉದ್ದಿಮೆಗಳಿಗೆ ನೆರವಾಗುವ, ಮೊದಲು ಪಿಟ್ಯಾಕ್ ಎನ್ನುತ್ತಿದ್ದ ಕೇಂದ್ರಗಳು ಇವು. ಅರ್ಜಿ ಹಾಕುವ ಮುನ್ನ ಅವರಿಗೆ ಕರಾರುಪತ್ರ ತೋರಿಸಬೇಕಿತ್ತು, ತೋರಿಸಲಿಲ್ಲ. ಪಾಲು 51 ಇದೆಯಲ್ಲ ಎಂಬ ಧೈರ್ಯ ನನಗೆ. 2023ರ ಮಾರ್ಚ್‌ನಲ್ಲಿ ಎಲ್ಲ ಏರಿಸಿದೆ: ಕರಾರುಪತ್ರ, ರಾಜ್ಯದ ನೋಂದಣಿ, ಬ್ಯಾಂಕಿನ ಸಹಿ ಕಾರ್ಡ್, ತೆರಿಗೆ ಪತ್ರ, ನನ್ನ ಬಯೋಡೇಟಾ. ಮೂರು ವಾರಕ್ಕೆ ಎಸ್‌ಬಿಎ ವಿಶ್ಲೇಷಕರಿಂದ ಎರಡು ಪ್ರಶ್ನೆ ಬಂದವು. ಬಜೆಟ್, ಸಾಲ, ನೇಮಕಕ್ಕೆ 49ರ ಪಾಲುದಾರನ ಒಪ್ಪಿಗೆ ಏಕೆ ಬೇಕು? ನೀವು ಬೇರೆಡೆ ಪೂರ್ಣಾವಧಿ ಕೆಲಸದಲ್ಲಿದ್ದೀರಲ್ಲ, ಕಂಪನಿಯ ದಿನನಿತ್ಯದ ಕೆಲಸ ನಡೆಸುವವರು ಯಾರು?

ಎರಡನೇ ಪ್ರಶ್ನೆಗೆ ನನ್ನ ಹತ್ತಿರ ನಿಜವಾದ ಉತ್ತರ ಇರಲಿಲ್ಲ. ಹಗಲು ನೌಕರಿ, ರಾತ್ರಿ ಕಂಪನಿ. ಎರಡು ವರ್ಷ ಹಾಗೇ ನಡೆದಿತ್ತು. ಕಚೇರಿಯ ಹೊತ್ತಿನಲ್ಲಿ ಕಂಪನಿಗೆ ಸಿಗದವನ ಕೈಯಲ್ಲಿ ಕಂಪನಿ ಇಲ್ಲ ಎಂದೇ ನಿಯಮ ಮೊದಲು ಭಾವಿಸುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ನಮ್ಮದು. ನನ್ನಾಕೆ ಆ ಪತ್ರ ಓದಿ, "ಅವರು ಕೇಳಿರೋದರಲ್ಲಿ ತಪ್ಪೇನಿದೆ? ನಾನೂ ಎರಡು ವರ್ಷದಿಂದ ಅದೇ ಕೇಳ್ತಿದೀನಲ್ಲ" ಅಂದಳು. ಅವಳ ಕಡೆಯಿಂದ ಆರೋಗ್ಯ ವಿಮೆ ಇತ್ತು, ಮನೆ ಸಾಲಕ್ಕೆ ಅವಳ ಸಂಬಳ ಸಾಲುತ್ತಿತ್ತು. ಮೇ ತಿಂಗಳಲ್ಲಿ ನೌಕರಿ ಬಿಟ್ಟೆ.

ಮೊದಲ ಪ್ರಶ್ನೆಗೆ ಉತ್ತರ ಎಡಿಸನ್‌ನಲ್ಲಿತ್ತು. ಒಂದು ಶನಿವಾರ ಐದು ಗಂಟೆ ಕಾರು ಓಡಿಸಿಕೊಂಡು ಹೋದೆ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿಕೊಂಡೆ. ಅಕ್ಕ ಅವರೆಕಾಳಿನ ಹುಳಿ, ಮುದ್ದೆ ಮಾಡಿದ್ದಳು. ಊಟ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಆಮೇಲೆ ಕಾಗದ ಮುಂದಿಟ್ಟೆ.

ಭಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ದುಡ್ಡು ನಂದು ಕಣಪ್ಪಾ. ಏನ್ ಮಾಡ್ತಿದೀಯ ಅಂತ ಕೇಳೋ ಹಕ್ಕೂ ಬೇಡ್ವ ನಂಗೆ?"

"ಕೇಳೋದಕ್ಕೆ ಯಾರೂ ಬೇಡ ಅಂದಿಲ್ಲ ಭಾವ. ದಿನಾ ಕೇಳಿ. ತಡೆಯೋ ಹಾಗಿಲ್ಲ, ಅಷ್ಟೇ."

"ತಡೆಯೋ ಹಾಗಿಲ್ಲದ ಮೇಲೆ ಕೇಳಿ ಏನ್ ಬಂತು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗಿನ ನಿಯಮದಲ್ಲಿ ಐದೇ ಐದು ಸಂದರ್ಭಗಳಲ್ಲಿ ಸಣ್ಣ ಪಾಲುದಾರ ಬೇಡ ಎನ್ನಬಹುದಿತ್ತು: ಹೊಸ ಪಾಲುದಾರರನ್ನು ಸೇರಿಸಿಕೊಳ್ಳುವಾಗ, ಕಂಪನಿ ಮುಚ್ಚುವಾಗ, ಮಾರುವಾಗ, ಇನ್ನೊಂದರ ಜತೆ ವಿಲೀನ ಮಾಡುವಾಗ, ದಿವಾಳಿ ಘೋಷಿಸುವಾಗ. ಅದನ್ನು ಒಂದೊಂದಾಗಿ ಓದಿ ಹೇಳಿದೆ. ಭಾವ ಎದ್ದು ಹಿತ್ತಲಿಗೆ ಹೋದರು. ಅಕ್ಕ ನನ್ನ ಕಡೆ ನೋಡಲಿಲ್ಲ, ಪಾತ್ರೆ ತೊಳೆಯುತ್ತಾ ನಿಂತಳು. ಆ ರಾತ್ರಿ ಅವರ ಮನೆಯ ಸೋಫಾದಲ್ಲಿ ಮಲಗಿ ನಿದ್ದೆ ಬಾರದೆ ಯೋಚಿಸಿದೆ. ಈ ಸರ್ಟಿಫಿಕೇಟಿಗಾಗಿ ಮನೆ ಮುರಿಯುವುದಾದರೆ ಅದು ಬೇಡ. ಆದರೆ ಇದೇ ನಿಯಮ ಇಲ್ಲದಿದ್ದರೆ, ದುಡ್ಡಿರುವ ಯಾರು ಬೇಕಾದರೂ ಒಬ್ಬ ಗಾಯಾಳು ಸೈನಿಕನ ಹೆಸರನ್ನು ಬೋರ್ಡಿಗೆ ಹಾಕಿ ಒಳಗೆ ಕೂತು ಕಂಪನಿ ನಡೆಸಬಹುದಲ್ಲ? ನಮ್ಮ ಭಾವ ಅಂಥವರಲ್ಲ. ನಿಯಮಕ್ಕೆ ಅದು ಗೊತ್ತಾಗುವುದು ಹೇಗೆ? ಅದು ಕಾಗದ ನೋಡುತ್ತದೆ.

ಬೆಳಗ್ಗೆ ಕಾಫಿ ಕುಡಿಯುತ್ತಾ ಭಾವ ಅಂದರು, "ವಕೀಲರಿಗೆ ಹೇಳ್ತೀನಿ. ತಿದ್ದಿಸು. ಆದ್ರೆ ತಿಂಗಳಿಗೊಂದ್ ಸಲ ಲೆಕ್ಕ ಕಳಿಸ್ಬೇಕು." ಅಂದಿನಿಂದ ಒಂದು ತಿಂಗಳೂ ತಪ್ಪಿಲ್ಲ.

ತಿದ್ದಿದ ಕರಾರು, ಬಿಟ್ಟ ನೌಕರಿಯ ಪತ್ರ ಎರಡನ್ನೂ ಕಳಿಸಿದೆ. ಆಗಸ್ಟ್‌ನಲ್ಲಿ ಸರ್ಟಿಫಿಕೇಟ್ ಬಂತು, ಮೂರು ವರ್ಷಕ್ಕೆ.

ಬಂದ ಮೇಲೆ ಏನೂ ಆಗಲಿಲ್ಲ. ಫೋನ್ ಬರಲಿಲ್ಲ, ಇಮೇಲ್ ಬರಲಿಲ್ಲ. ಫೆಡರಲ್ ಗುತ್ತಿಗೆಯ ಹಣದಲ್ಲಿ ಶೇ. 3 ನಮ್ಮಂಥ ಸಂಸ್ಥೆಗಳಿಗೆ ಹೋಗಬೇಕೆಂಬ ಗುರಿಯನ್ನು 1999ರಲ್ಲಿ ಇಟ್ಟರು, 2003ರ ಕಾನೂನು ನಮಗಷ್ಟೇ ಮೀಸಲಿಟ್ಟು ಗುತ್ತಿಗೆ ಕರೆಯುವ ಅಧಿಕಾರ ಕೊಟ್ಟಿತು, 2023ರ ಡಿಸೆಂಬರ್‌ನಲ್ಲಿ ಆ ಗುರಿ ಶೇ. 5ಕ್ಕೆ ಏರಿತು. ತಂತ್ರಜ್ಞಾನದ ಸೇವೆಗಳಿಗೆ ನಮ್ಮಂಥವರಿಗೆಂದೇ ಸರ್ಕಾರದ ಖರೀದಿ ನೋಡಿಕೊಳ್ಳುವ ಜಿಎಸ್‌ಎ ನಡೆಸುವ ವೆಟ್ಸ್ 2 ಎಂಬ ದೊಡ್ಡ ಗುತ್ತಿಗೆ ಪಟ್ಟಿಯೂ ಇದೆ. ಅದಕ್ಕೆ ಸೇರುವಷ್ಟು ನಾವು ದೊಡ್ಡವರಲ್ಲ. ಗುರಿ ಇಡುವುದು ಸರ್ಕಾರಕ್ಕೆ, ಗಿರಾಕಿ ಹುಡುಕುವುದು ನಮಗೆ.

ಬಂದ ಮೊದಲ ಕರೆ ಒಂದು ದೊಡ್ಡ ಕಂಪನಿಯದು. ಜಂಟಿಯಾಗಿ ಒಂದು ಟೆಂಡರಿಗೆ ಹೋಗೋಣ, ಹೆಸರು ನಿಮ್ಮದು, ಜನ ನಮ್ಮವರು, ನೀವು ಸಹಿ ಹಾಕಿದರೆ ಸಾಕು ಎಂದರು. ಎಷ್ಟು ಶೇಕಡಾ ಕೊಡುತ್ತೇವೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದರು. ಮೀಸಲು ಸೇವಾ ಗುತ್ತಿಗೆಯಲ್ಲಿ ಬಂದ ಹಣದ ಅರ್ಧಕ್ಕಿಂತ ಹೆಚ್ಚನ್ನು ನಮ್ಮ ವರ್ಗಕ್ಕೆ ಸೇರದ ಉಪಗುತ್ತಿಗೆದಾರರಿಗೆ ಕೊಡುವಂತಿಲ್ಲ. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೀಗೆ ಹೆಸರು ಬಾಡಿಗೆಗೆ ಕೊಟ್ಟು ಜೈಲಿಗೆ ಹೋದವರಿದ್ದಾರೆ. ನಾನು ಬೇಡ ಎಂದದ್ದು ಜೈಲಿನ ಭಯಕ್ಕಲ್ಲ. ಎಡಿಸನ್‌ನಲ್ಲಿ ಭಾವನ ಮುಂದೆ ಕಾಗದ ಇಟ್ಟು ಅಷ್ಟು ನೋಯಿಸಿ ಬಂದವನು, ಅಪರಿಚಿತರಿಗೆ ಅದೇ ಹಿಡಿತವನ್ನು ಬಿಟ್ಟುಕೊಡಲು ಹೇಗೆ ಸಾಧ್ಯ?

ದಾರಿ ತೋರಿಸಿದ್ದು ಪೈಪೋಟಿಯ ಕಂಪನಿಯೊಂದರ ಒಡತಿ. ಮೇರಿಲ್ಯಾಂಡ್‌ನವರು, ನೌಕಾಪಡೆಯಲ್ಲಿದ್ದವರು, ನಮ್ಮಂತೆಯೇ 508ರ ಕೆಲಸ ಮಾಡುವವರು. ಒಂದು ಸಮ್ಮೇಳನದಲ್ಲಿ ಪರಿಚಯವಾಯಿತು. "ಸೋರ್ಸಸ್ ಸಾಟ್‌ಗಳಿಗೆ ಉತ್ತರ ಬರೆಯುತ್ತೀರಾ?" ಎಂದು ಕೇಳಿದರು. ಇಲ್ಲ ಎಂದೆ. ಅದು ಟೆಂಡರ್ ಅಲ್ಲ. ಟೆಂಡರಿಗೆ ಮೊದಲು, ಈ ಕೆಲಸ ಮಾಡಬಲ್ಲವರು ಯಾರಿದ್ದಾರೆ ಎಂದು ಕಚೇರಿ ಕೇಳುವ ಒಂದು ಪ್ರಕಟಣೆ. ಗುತ್ತಿಗೆ ಅದರಿಂದ ಸಿಗುವುದಿಲ್ಲ, ಹಾಗಾಗಿ ಸುಮ್ಮನೆ ದಿನ ಹಾಳು ಎಂದುಕೊಂಡಿದ್ದೆ.

ಅವರು ಕೂರಿಸಿಕೊಂಡು ವಿವರಿಸಿದರು. ಮೇರಿಲ್ಯಾಂಡ್‌ನ ಕಿಂಗ್ಡಮ್‌ವೇರ್ ಎಂಬ ತಂತ್ರಜ್ಞಾನ ಸಂಸ್ಥೆಯೂ ಒಬ್ಬ ಅಂಗವಿಕಲ ಮಾಜಿ ಸೈನಿಕನದೇ. ತುರ್ತು ಸಂದೇಶ ಕಳಿಸುವ ಸೇವೆಯ ಗುತ್ತಿಗೆಯೊಂದರ ವಿಷಯವಾಗಿ ಅದು ವಿಎ ವಿರುದ್ಧ ಸುಪ್ರೀಂ ಕೋರ್ಟಿನ ತನಕ ಹೋಯಿತು. 2016ರ ಜೂನ್ 16ರಂದು ಎಂಟು ನ್ಯಾಯಮೂರ್ತಿಗಳೂ ಒಂದೇ ಮಾತು ಹೇಳಿದರು: 2006ರ ಕಾನೂನಿನಲ್ಲಿರುವ ಇಬ್ಬರ ನಿಯಮವನ್ನು ವಿಎ ಪಾಲಿಸಲೇಬೇಕು, ವರ್ಷದ ಗುರಿ ತಲುಪಿಯಾಯಿತು ಎಂಬ ನೆಪ ನಡೆಯದು. ಇಬ್ಬರ ನಿಯಮ ಅಂದರೆ, ಮಾಜಿ ಸೈನಿಕರ ಅರ್ಹ ಸಂಸ್ಥೆಗಳು ಕನಿಷ್ಠ ಎರಡು ನ್ಯಾಯವಾದ ಬೆಲೆಗೆ ಬರುತ್ತವೆ ಎಂದು ನಂಬಲು ಕಾರಣವಿದ್ದರೆ, ಸ್ಪರ್ಧೆಯನ್ನು ಅಂಥವರಿಗೇ ಮೀಸಲಿಡಬೇಕು. ಉಳಿದ ಇಲಾಖೆಗಳಿಗೆ ಇದು ಇಷ್ಟು ಕಡ್ಡಾಯವಲ್ಲ. ಆದರೂ ಎಲ್ಲೆಡೆ ಎಣಿಕೆ ಅದೇ.

"ನಾನೊಬ್ಬಳೇ ಉತ್ತರ ಬರೆದರೆ ಒಬ್ಬಳು. ನೀವೂ ಬರೆದರೆ ಇಬ್ಬರು" ಎಂದರು ಆಕೆ. ಮುಂದೆ ಟೆಂಡರ್ ಬಂದಾಗ ನಾವಿಬ್ಬರೂ ಎದುರಾಳಿಗಳು, ಅದು ಬೇರೆ ಮಾತು. ಮೊದಲು ಅಖಾಡಕ್ಕೆ ಇಳಿಯಬೇಕಾದರೆ ಎದುರಾಳಿ ಬೇಕು.

ಅಂದಿನಿಂದ ವಾರಕ್ಕೆ ಒಂದಾದರೂ ಬರೆದೆ. ಮೂರು ನಾಲ್ಕು ಪುಟ. ಏನು ಮಾಡಿದ್ದೇವೆ, ಯಾರಿದ್ದಾರೆ, ಎಷ್ಟು ದಿನದಲ್ಲಿ ಮುಗಿಸುತ್ತೇವೆ. ಹತ್ತೊಂಬತ್ತನೆಯದಕ್ಕೆ ಫಲ ಬಂತು. 2024ರ ಬೇಸಿಗೆಯಲ್ಲಿ ಒಂದು ಫೆಡರಲ್ ಕಚೇರಿ ತನ್ನ ಅರ್ಜಿ ನಮೂನೆಗಳ ಪರೀಕ್ಷೆಯನ್ನು ನಮ್ಮಂಥವರಿಗೇ ಮೀಸಲಿಟ್ಟು ಕರೆಯಿತು. ಮೇರಿಲ್ಯಾಂಡ್‌ನ ಆಕೆಯೂ ಹಾಕಿದರು, ಸಿಕ್ಕಿದ್ದು ನಮಗೆ. ಅವರೇ ಮೊದಲು ಫೋನ್ ಮಾಡಿ ಅಭಿನಂದಿಸಿದರು. ಮುಂದಿನ ವರ್ಷ ಇನ್ನೊಂದು ಅವರಿಗೆ ಹೋಯಿತು, ಆಗ ಫೋನ್ ಮಾಡುವ ಸರದಿ ನನ್ನದು.

ಗುತ್ತಿಗೆ 1,86,000 ಡಾಲರಿನದು. ಕೇಳಲು ದೊಡ್ಡದು. ಕೆಲಸ ಮುಗಿಸಿ ಬಿಲ್ ಕಳಿಸಿದರೆ ಮೂವತ್ತು ದಿನದೊಳಗೆ ಹಣ ಬರುತ್ತದೆ. ಸಂಬಳ ಮಾತ್ರ ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಮೊದಲ ಎರಡು ತಿಂಗಳು ಮೂವರ ಸಂಬಳವನ್ನು ಮನೆಯ ಉಳಿತಾಯದಿಂದ ಕೊಟ್ಟೆ. ಹೊಸಬರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಗೆಲ್ಲುವ ಮೊದಲು ಮೂರು ತಿಂಗಳ ಸಂಬಳ ಬ್ಯಾಂಕಿನಲ್ಲಿರಲಿ. ಗೆದ್ದ ಮೇಲೆ ಸಾಲ ಕೇಳಲು ಹೋದರೆ ತಡವಾಗಿರುತ್ತದೆ.

ಕೆಲಸದ ಮೊದಲ ದಿನ ನನ್ನ ಗೆಳೆಯ ನಮೂನೆಯೊಂದನ್ನು ತೆರೆದ. ಜಾಸ್ ಓದಿತು: "ಬಟನ್. ಬಟನ್." ಅವನು ನಗಲಿಲ್ಲ, ನಾನೂ ನಗಲಿಲ್ಲ. ಬರೆದುಕೊಂಡೆವು. ಆರು ವಾರದ ಮೇಲೆ, ಅವರ ಪ್ರೋಗ್ರಾಮರುಗಳು ತಿದ್ದಿ ಕಳಿಸಿದ ಮೇಲೆ, ಅದೇ ನಮೂನೆ ಓದಿತು: "ಅರ್ಜಿ ಸಲ್ಲಿಸಿ, ಬಟನ್. ಬರೆದದ್ದನ್ನು ಅಳಿಸಿ, ಬಟನ್." ಅವನು ಅದನ್ನೇ ನಾಲ್ಕು ಸಲ ಓದಿಸಿದ. ಆಮೇಲೆ ಎದ್ದು ನಿಂತು ನನ್ನ ಭುಜ ಹುಡುಕಿ ಕೈಯಿಟ್ಟ.

ವಿಡಿಯೋಗಳ ಕೆಳಗೆ ಬರುವ ಅಕ್ಷರಗಳನ್ನು ಪರೀಕ್ಷಿಸುವುದು ನನ್ನ ಪಾಲಿನ ಕೆಲಸ. ಮಾತಿಗೂ ಅಕ್ಷರಕ್ಕೂ ಹೊಂದುತ್ತದೆಯೇ, ಬೇಗ ಮಾಯವಾಗುತ್ತದೆಯೇ, ಬಾಗಿಲು ಬಡಿದ ಸದ್ದು, ಫೋನಿನ ಸದ್ದು ಬರೆದಿದ್ದಾರೆಯೇ. ಕಳೆದ ಸಲ ಊರಿಗೆ ಹೋದಾಗ ಅಪ್ಪನ ಫೋನಿನಲ್ಲಿ ಮಾತು ಕೇಳಿಸಿಕೊಂಡು ಕನ್ನಡದಲ್ಲಿ ಅಕ್ಷರ ಮೂಡಿಸುವ ಆ್ಯಪ್ ಹಾಕಿಕೊಟ್ಟೆ. ಅಮ್ಮ ಅದರ ಮುಂದೆ ಕೂತು ಎಂದಿನಂತೆ ಕೂಗಿಯೇ ಮಾತಾಡಿದಳು. ಅಪ್ಪ ಪರದೆ ನೋಡಿ, "ಮೆಲ್ಲಗೆ ಹೇಳು, ಓದ್ತಾ ಇದೀನಿ" ಅಂದರು. ತಪ್ಪುಗಳು ಬಹಳ ಬರುತ್ತವೆ, ನಮ್ಮ ಕಡೆಯ ಮಾತು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಅಪ್ಪ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ, ಮುಂದಿನ ಸಲ ಬಂದಾಗ ಕೊಡುತ್ತಾರಂತೆ.

2026ರ ಆಗಸ್ಟ್‌ಗೆ ನಮ್ಮ ಸರ್ಟಿಫಿಕೇಟಿನ ಮೂರು ವರ್ಷ ಮುಗಿಯುತ್ತದೆ. ಮತ್ತೆ ಅದೇ ಕಾಗದ, ಅದೇ ಪ್ರಶ್ನೆ. ಕಡತ ಸಿದ್ಧವಿದೆ, ಭಾವನಿಗೆ ಕಳಿಸಿದ ತಿಂಗಳ ಲೆಕ್ಕಗಳೂ ಅದರಲ್ಲಿವೆ. ಈ ವಾರ ಆಸ್ಪತ್ರೆಯೊಂದರ ಭೇಟಿ ನಿಗದಿ ತಾಣದ ಬಗ್ಗೆ ಸೋರ್ಸಸ್ ಸಾಟ್ ಬಂದಿದೆ, ಉತ್ತರಕ್ಕೆ ಶುಕ್ರವಾರ ಮಧ್ಯಾಹ್ನ ಎರಡರವರೆಗೆ ಸಮಯ. ನನ್ನದು ಬರೆದು ಮುಗಿಸಿದ್ದೇನೆ. ಕಳಿಸುವ ಮೊದಲು ಮೇರಿಲ್ಯಾಂಡ್‌ಗೆ ಫೋನ್ ಮಾಡಿ ಹೇಳಿದೆ, "ನೀವೂ ಬರೆಯಿರಿ, ಇಬ್ಬರಾಗೋಣ."